ಕೊಲ್ಲಾರಿ ಬಂಡಿಯ ಬಿಡಾರ

ನಮ್ಮ ಇತಿಹಾಸದ ಪುಸ್ತಕಗಳಲ್ಲಿ ರಥಕ್ಕೆ ಸ್ಥಾನವಿದೆ, ಆನೆ ಕುದುರೆಗಳಿಗೆ ಸ್ಥಾನವಿದೆ, ಬಂಡಿಗೆ ಇಲ್ಲ. ಬಾದಾಮಿಯ ಚಾಲುಕ್ಯರ ದಂಡು ಎಲ್ಲೆಲ್ಲಿಗೆ ನಡೆಯಿತೆಂಬುದನ್ನು ಶಾಸನಗಳು ಹೇಳುತ್ತವೆ. ಆ ದಂಡಿನ ಬೆನ್ನಿಗೆ ಕಾಳುಕಡಿ ಹೊತ್ತು ನಡೆದವರು ಯಾರು, ರಾತ್ರಿ ಅವರು ಮಲಗಿದ್ದು ಎಲ್ಲಿ ಎಂಬುದನ್ನು ಹೇಳುವುದಿಲ್ಲ. ಬಂಡಿ ಇತಿಹಾಸದ ಕಣ್ಣಿಗೆ ಬೀಳದಷ್ಟು ಸಾಮಾನ್ಯವಾದ ವಸ್ತು. ನಾನೂ ಇಷ್ಟು ವರ್ಷ ಅದರ ವಿಷಯ ಬರೆಯಬೇಕೆಂದು ಎಣಿಸಿದವನಲ್ಲ. ಬರೆಯುವಂತೆ ಮಾಡಿದ್ದು ಒಂದು ಭಾವಚಿತ್ರ.

ಅಮೇರಿಕದಲ್ಲಿ ನೌಕರಿಯಲ್ಲಿರುವ ನನ್ನ ಮೊಮ್ಮಗ ಹೋದ ಸಲ ಊರಿಗೆ ಬಂದಾಗ, ತಾನು ಸ್ವಂತ ಕೈಯಿಂದ ಕಟ್ಟಿದ ಒಂದು ಗಾಡಿಯ ಚಿತ್ರವನ್ನು ತೋರಿಸಿದ. ಮೋಟಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಎರಡು ಗಾಲಿಯ ಪುಟ್ಟ ಪೆಟ್ಟಿಗೆ ಅದು. ಮುಂದೆ ದುಂಡಗೆ ಉಬ್ಬಿ, ಹಿಂದೆ ಹೋದಂತೆ ಇಳಿದು ಸಣ್ಣದಾಗುತ್ತದೆ. ಆ ಆಕಾರದಿಂದಲೇ ಅಲ್ಲಿಯವರು ಅದಕ್ಕೆ ಕಣ್ಣೀರ ಹನಿ ಎಂಬ ಅರ್ಥದಲ್ಲಿ ‘ಟಿಯರ್‌ಡ್ರಾಪ್’ ಎಂದು ಹೆಸರಿಟ್ಟಿದ್ದಾರಂತೆ. ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ. ಎದ್ದು ನಿಲ್ಲುವ ಮಾತೇ ಇಲ್ಲ. ಹಿಂದಿನ ಮುಚ್ಚಳವನ್ನು ಮೇಲಕ್ಕೆತ್ತಿದರೆ ಅದೇ ಅಡಿಗೆಮನೆ. ಒಲೆ, ನೀರಿನ ಡಬ್ಬಿ, ಪಾತ್ರೆಗಳ ಗೂಡು ಎಲ್ಲ ಅಲ್ಲೇ. ಅಡಿಗೆ ಮಾಡುವವರು ಮಾತ್ರ ಹೊರಗೆ ನೆಲದ ಮೇಲೆ ನಿಂತುಕೊಳ್ಳಬೇಕು.

“ಹೆಂಗೈತಿ ಅಜ್ಜಾ?” ಎಂದು ಕೇಳಿದ.

“ಚಂದ ಐತಿ. ನಮ್ಮ ಅಜ್ಜನ ಹತ್ರ ಇಂಥಾದ್ದೇ ಒಂದು ಇತ್ತು,” ಎಂದೆ.

ಅವನು ನಕ್ಕುಬಿಟ್ಟ. ಪುಷ್ಪಕ ವಿಮಾನದಿಂದ ಹಿಡಿದು ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಸಾಧಿಸುವ ಮುದುಕರ ಸಾಲಿಗೆ ನನ್ನನ್ನೂ ಸೇರಿಸಿದನೆಂದು ಕಾಣುತ್ತದೆ. ನಾನು ಪುಷ್ಪಕ ವಿಮಾನದ ಮಾತು ಎತ್ತಿರಲಿಲ್ಲ. ಇಳಕಲ್ಲಿನ ನನ್ನ ಅಜ್ಜನ, ಎಂದರೆ ನನ್ನ ಅವ್ವನ ತಂದೆಯ, ಕೊಲ್ಲಾರಿ ಬಂಡಿಯ ಮಾತನಾಡುತ್ತಿದ್ದೆ.

ಮೊದಲು ಅವನ ಗಾಡಿಯ ವಂಶಾವಳಿಯನ್ನೇ ನೋಡೋಣ. ಹೊಟ್ಟೆಪಾಡಿಗಲ್ಲದೆ ಬರಿಯ ಸಂತೋಷಕ್ಕಾಗಿ ಗಾಲಿಯ ಮೇಲೆ ಮನೆ ಕಟ್ಟಿಸಿಕೊಂಡವರಲ್ಲಿ ಮೊದಲಿಗನೆಂದು ಹೆಸರಾದವನು ವಿಲಿಯಂ ಗಾರ್ಡನ್ ಸ್ಟೇಬಲ್ಸ್. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದವನು, ನಿವೃತ್ತನಾದ ಮೇಲೆ ಪುಸ್ತಕಗಳನ್ನು ಬರೆದುಕೊಂಡಿದ್ದವನು. 1885ರಲ್ಲಿ ಎರಡು ಕುದುರೆ ಎಳೆಯುವ ‘ವಾಂಡರರ್’ ಎಂಬ ಬಂಡಿಮನೆಯನ್ನು ಮಾಡಿಸಿಕೊಂಡು ಅದರಲ್ಲಿ ದೇಶ ಸುತ್ತಿದ. ಇಂಗ್ಲೆಂಡಿನ ತುಂಬ ಆಗಲೇ ರೈಲುಗಳಾಗಿದ್ದವು. ಬೇಗ ಹೋಗುವ ಸಾಧನ ಕೈಗೆ ಬಂದ ಮೇಲೆಯೇ ಮೆಲ್ಲಗೆ ಹೋಗುವ ಆಸೆ ಹುಟ್ಟುತ್ತದೆಂದು ತೋರುತ್ತದೆ.

ಟಿಯರ್‌ಡ್ರಾಪ್ 1930ರ ದಶಕದ ಅಮೇರಿಕದ ಕೂಸು. ಆಗಿನದು ಆರ್ಥಿಕ ಮುಗ್ಗಟ್ಟಿನ ಕಾಲ, ಮೋಟಾರುಗಳಿಗೆ ಶಕ್ತಿಯೂ ಕಡಿಮೆ. ಆದ್ದರಿಂದ ಗಾಡಿ ಹಗುರವಾಗಿರಬೇಕು, ಗಿಡ್ಡವಾಗಿರಬೇಕು, ಎದುರು ಗಾಳಿಗೆ ಅಡ್ಡ ನಿಲ್ಲಬಾರದು. ಹನಿಯ ಆಕಾರ ಹುಟ್ಟಿದ್ದು ಹೀಗೆ. 1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದಾಗ, ಯುದ್ಧಕ್ಕೆಂದು ತಯಾರಿಸಿದ ಅಲ್ಯೂಮಿನಿಯಂ ತಗಡು, ಜೀಪಿನ ಗಾಲಿ ಅಗ್ಗಕ್ಕೆ ದೊರೆತವು. 1947ರಲ್ಲಿ ‘ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್’ ಎಂಬ ಪತ್ರಿಕೆ ಗಾಡಿಯನ್ನು ಮನೆಯಲ್ಲೇ ಕಟ್ಟುವ ನಕ್ಷೆಯನ್ನು ಅಚ್ಚುಹಾಕಿತು. ಉದ್ದ ಸುಮಾರು 8 ಅಡಿ, ಅಗಲ 4 ಅಡಿ. ಅಂಗಡಿಯಲ್ಲಿ ಸಿಗುವ ಪ್ಲೈವುಡ್ ಹಲಗೆಯ ಅಳತೆಯೂ ಅದೇ. ಹಲಗೆಯ ಅಳತೆಗೆ ಮನೆಯನ್ನು ಹೊಂದಿಸಿದ ಜಾಣತನ ಇದು. ಮುಂದೆ ದೊಡ್ಡ ದೊಡ್ಡ ಗಾಡಿಗಳು ಬಂದು ಈ ಪುಟ್ಟದ್ದು ಹಿಂದೆ ಬಿತ್ತು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಸ್ವಂತ ಕೈಕೆಲಸದ ಹುಚ್ಚಿರುವವರು ಅದನ್ನು ಮತ್ತೆ ಮೇಲಕ್ಕೆತ್ತಿದರು. ನನ್ನ ಮೊಮ್ಮಗ ಅಂಥ ಹುಚ್ಚರಲ್ಲಿ ಒಬ್ಬ.

ಇನ್ನು ನಮ್ಮ ಸೀಮೆಯ ಕಥೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ನಡುವೆ ಬಂಡಿಗಳು ಅನಾದಿಯಿಂದ ಓಡಾಡಿಕೊಂಡಿದ್ದವೆಂದು ನಾವು ಭಾವಿಸುತ್ತೇವೆ. ದೂರದ ಸಾಗಾಟಕ್ಕೆ ಬಂಡಿ ಬಂದದ್ದು ನಿಜವಾಗಿ ಬಹಳ ಈಚೆಗೆ. ಎರಿಭೂಮಿಯಲ್ಲಿ ಮಳೆ ಬಿದ್ದರೆ ಗಾಲಿ ಗುಂಬದ ಮಟ್ಟ ಹೂತುಹೋಗುತ್ತದೆ. ರಸ್ತೆಯಿಲ್ಲದ ಕಾಲದಲ್ಲಿ ಸರಕು ಸಾಗುತ್ತಿದ್ದುದು ಹೇರೆತ್ತುಗಳ ಬೆನ್ನ ಮೇಲೆ. ಲಂಬಾಣಿಗರು ನೂರಾರು ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಸಂಸಾರ ಸಮೇತ ಊರಿಂದೂರಿಗೆ ನಡೆಯುತ್ತಿದ್ದರು. 1786ರಲ್ಲಿ ಮರಾಠರೂ ನಿಜಾಮನವರೂ ಕೂಡಿ ಟೀಪೂವಿನ ಕೈಯಿಂದ ಬಾದಾಮಿಯ ಕೋಟೆಯನ್ನು ಕಸಿದುಕೊಂಡಾಗಲೂ, 1791–92ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ಹೋದಾಗಲೂ, ದಂಡಿನ ಹೊಟ್ಟೆ ತುಂಬಿಸಿದ್ದು ಇಂಥ ಹೇರೆತ್ತುಗಳೇ. 1818ರಲ್ಲಿ ಮನ್ರೋ ಬಾದಾಮಿಯನ್ನು ಗೆದ್ದ ಮೇಲೆ ಕ್ರಮವಾಗಿ ಕಂಪನಿಯ ಆಡಳಿತ ಊರಿತು. ಹತ್ತಿಯನ್ನು ಬಂದರಿಗೆ ಮುಟ್ಟಿಸುವ ಅವಸರದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ರಸ್ತೆಗಳಾದವು. ರಸ್ತೆಗಳ ಬೆನ್ನಿಗೆ ಹಗುರವಾದ ಅರಗಾಲಿಯ ಬಂಡಿ, ಕಬ್ಬಿಣದ ಅಚ್ಚು ಬಂದವು.

ಅಷ್ಟರಲ್ಲಿ 1876ರಿಂದ 1878ರವರೆಗಿನ ಮಹಾಬರ ಬಂತು. ಧಾತು, ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ಹೇಳುತ್ತಿದ್ದುದು ಇದನ್ನೇ. ಆಗ ನಮ್ಮದು ಕಲಾದಗಿ ಜಿಲ್ಲೆ. ಬರ ಅತ್ಯಂತ ಕಠಿಣವಾಗಿ ಬಡಿದ ಪ್ರದೇಶಗಳಲ್ಲಿ ಇದೂ ಒಂದು. ಜನ ಸತ್ತರು, ಉಳಿದವರು ಗುಳೆ ಹೋದರು. ಬಂಡಿಯಲ್ಲಿ ಸಂಸಾರ ಹೂಡುವುದು ಆಗ ಸಂತೋಷದ ವಿಷಯವಾಗಿರಲಿಲ್ಲ. ಬಂಡಿಯಿದ್ದರೂ ಎತ್ತಿಗೆ ಮೇವಿರಲಿಲ್ಲ. ಎತ್ತು ಸತ್ತ ಮೇಲೆ ಬಂಡಿ ಎಂದರೆ ಕಟ್ಟಿಗೆ. ಈ ಮಾತನ್ನು ಮುಂದೆ ಮತ್ತೊಮ್ಮೆ ನೆನೆಯಬೇಕಾಗುತ್ತದೆ. ಬರ ಮುಗಿದ ಕೆಲವೇ ವರ್ಷಗಳಲ್ಲಿ, 1884ರ ಹೊತ್ತಿಗೆ, ಹೋಟಗಿಯಿಂದ ಗದಗಿಗೆ ಸದರ್ನ್ ಮರಾಠಾ ರೈಲ್ವೆಯ ದಾರಿ ಬಾಗಲಕೋಟೆ, ಬಾದಾಮಿಗಳ ಮೇಲೆ ಹಾದುಹೋಯಿತು. ರೈಲು ಬಂದರೆ ಬಂಡಿ ಸಾಯುತ್ತದೆಂದು ಯಾರಿಗಾದರೂ ಅನ್ನಿಸೀತು. ಆದದ್ದು ಬೇರೆ. ಸ್ಟೇಷನ್ನಿಗೆ ಹತ್ತಿ ಮುಟ್ಟಿಸುವುದಕ್ಕೆ, ಬಂದ ಸರಕನ್ನು ಊರಿಗೆ ಒಯ್ಯುವುದಕ್ಕೆ ಬಂಡಿಗಳಿಗೆ ಕೆಲಸ ಹೆಚ್ಚಿತು. ಇಳಕಲ್ಲು, ಹುನಗುಂದಗಳಿಗಂತೂ ನಾನು ಹುಡುಗನಾಗಿದ್ದಾಗ ರೈಲೇ ಇರಲಿಲ್ಲ. ಅಲ್ಲಿ ಬಂಡಿಯೇ ದೊರೆ.

ನಮ್ಮ ಕಡೆ ಹೊಲದ ಕೆಲಸಕ್ಕೆ ಇರುವುದು ಚಕ್ಕಡಿ. ಜನ ಕೂತು ಹೋಗುವುದು ಸವಾರಿ ಬಂಡಿ. ಅದರ ಮೇಲೆ ಬಿದಿರಿನ ಕಮಾನು ಕಟ್ಟಿ ಮಾಡು ಮಾಡಿದರೆ ಕೊಲ್ಲಾರಿ ಬಂಡಿ. ಇಳಕಲ್ಲಿನ ಅಜ್ಜನದು ಸೀರೆಯ ವ್ಯಾಪಾರ. ಟೋಪು ತೆನಿ ಸೆರಗಿನ ಸೀರೆಗಳನ್ನು ನೇಕಾರರಿಂದ ಕೊಂಡು ಸಂತೆ ಜಾತ್ರೆಗಳಿಗೆ ಒಯ್ಯುತ್ತಿದ್ದ. ಅವನ ಬಂಡಿ ವರ್ಷದ ಹನ್ನೊಂದು ತಿಂಗಳು ಸೀರೆಯ ಗಂಟುಗಳದು, ಒಂದು ತಿಂಗಳು ನಮ್ಮದು.

ಆ ಬಂಡಿಯ ಗಾಲಿಗಳನ್ನು ಹೊಸದಾಗಿ ಮಾಡಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಜಾಲಿಯ ಮರ ನಮ್ಮ ಎರಿಭೂಮಿಗೆ ದೇವರು ಕೊಟ್ಟ ವರ. ಗಟ್ಟಿ, ಬೇಗ ಸೀಳುವುದಿಲ್ಲ. ನಡುವೆ ಗುಂಬ, ಗುಂಬದಿಂದ ಹೊರಟ ಹನ್ನೆರಡು ಅರಗಳು, ಎರಡು ಅರಗಳಿಗೆ ಒಂದರಂತೆ ಸುತ್ತಲೂ ಆರು ಬಾಗು ತುಂಡುಗಳು. ಬಡಿಗೇರ ಇದನ್ನು ಒಂದು ಮೊಳೆಯನ್ನೂ ಹೊಡೆಯದೆ ಬರಿಯ ಕಿಂಡಿ ಕುಸುರಿಗಳಿಂದ ಜೋಡಿಸುತ್ತಿದ್ದ. ಆಮೇಲೆ ಕಮ್ಮಾರನ ಸರದಿ. ಗಾಲಿಯ ಸುತ್ತಳತೆಗಿಂತ ಒಂದಿಷ್ಟು ಕಡಿಮೆಯಾಗಿ ಕಬ್ಬಿಣದ ಹಳಿಯನ್ನು ಬೆಸೆದು, ಅದನ್ನು ನೆಲದ ಮೇಲೆ ಮಲಗಿಸಿ, ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಹಾಕುತ್ತಿದ್ದ. ಹಳಿ ಕೆಂಪಾಗಿ ಹಿಗ್ಗಿದಾಗ ನಾಲ್ಕು ಜನ ಇಕ್ಕಳದಲ್ಲಿ ಹಿಡಿದೆತ್ತಿ ಗಾಲಿಯ ಮೇಲೆ ಕೂರಿಸುವರು. ಮರ ಹೊಗೆಯಾಡಿ ಹೊತ್ತಿಕೊಳ್ಳುವಷ್ಟರಲ್ಲಿ ಕೊಡಗಟ್ಟಲೆ ನೀರು ಸುರಿಯುವರು. ಹಳಿ ಚುರುಗುಟ್ಟುತ್ತ ಕುಗ್ಗಿ, ಹನ್ನೆರಡು ಅರಗಳನ್ನೂ ಗುಂಬಕ್ಕೆ ಒತ್ತಿ ಹಿಡಿಯುವುದು. ಆ ಸದ್ದು ಕೇಳುವುದಕ್ಕೆ ಓಣಿಯ ಹುಡುಗರೆಲ್ಲ ಸೇರುತ್ತಿದ್ದೆವು.

ಬಂಡಿಯ ಪಾಟಿನ ಉದ್ದ ಆರು ಅಡಿ, ಅಗಲ ನಾಲ್ಕು ಅಡಿಗೆ ಒಂದು ಗೇಣು ಕಡಿಮೆ. ಮೇಲೆ ಬಿದಿರಿನ ಐದು ಕಮಾನುಗಳು, ಅವುಗಳ ಮೇಲೆ ಚಾಪೆ, ಚಾಪೆಯ ಮೇಲೆ ಗುಡಾರದ ದಪ್ಪ ಬಟ್ಟೆ. ಹಿಂದೆ ಮುಂದೆ ಪರದೆ. ಕೆಳಗೆ ಒಂದು ಮೊಳ ಒಣಹುಲ್ಲು, ಅದರ ಮೇಲೆ ತಟ್ಟು, ಜಮಖಾನ, ಎರಡು ಕೌದಿ. ಪಾಟಿನ ಕೆಳಗೆ ಅಚ್ಚಿನ ಹಿಂದೆ ತಟ್ಟಿನ ಜೋಲಿ ಕಟ್ಟಿ ಅದರಲ್ಲಿ ಬೋಗುಣಿ, ತವೆ, ಒಣ ಕಟ್ಟಿಗೆ, ಮೂರು ಒಲೆಗಲ್ಲುಗಳನ್ನು ಇಡುತ್ತಿದ್ದರು. ಮೂಕಿಯ ಕೆಳಗೆ ಕಂದೀಲು ತೂಗುತ್ತಿತ್ತು. ಅಮೇರಿಕದವರು ಅಡಿಗೆಮನೆಯನ್ನು ಗಾಡಿಯ ಹಿಂದೆ ಇಟ್ಟರು, ನಮ್ಮವರು ಕೆಳಗೆ ಇಟ್ಟರು. ಅಷ್ಟೇ ವ್ಯತ್ಯಾಸ.

ಎರಡು ಗಾಲಿಯ ಗಾಡಿಯ ಮರ್ಮ ತೂಕದಲ್ಲಿದೆ. ಹಿಂದೆ ಭಾರ ಹೆಚ್ಚಾದರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ಹೆಗಲು ಹುಣ್ಣಾಗುತ್ತದೆ. ಅಜ್ಜ ನಮ್ಮನ್ನು ಬಂಡಿಯಲ್ಲಿ ಕೂರಿಸುವಾಗ ಸೇರು ಪಾವು ಹಾಕಿ ತೂಗುವವನಂತೆ ಕೂರಿಸುತ್ತಿದ್ದ. “ತಂಗೀ, ನೀ ಒಂದೀಟು ಮುಂದ ಸರಿ. ತಮ್ಮಾ, ನೀ ಹಿಂದ ಬಾ,” ಎಂದು ಹೇಳಿ, ಕೈಯಿಂದ ನೊಗವನ್ನು ಎತ್ತಿ ನೋಡಿ, ಸರಿ ಎನ್ನಿಸಿದ ಮೇಲೆಯೇ ಎತ್ತು ಹೂಡುವನು. ಮೊಮ್ಮಗನಿಗೆ ಇದನ್ನು ಹೇಳಿದಾಗ ಅವನ ನಗೆ ನಿಂತಿತು. ಮೋಟಾರಿನ ಕೊಂಡಿಯ ಮೇಲೆ ಗಾಡಿಯ ತೂಕದ ಹತ್ತರಲ್ಲೊಂದು ಪಾಲಾದರೂ ಕೂರಬೇಕು, ಹಿಂದೆ ಭಾರವಾದರೆ ಗಾಡಿ ರಸ್ತೆಯಲ್ಲಿ ಹಾವಿನಂತೆ ಹೊಯ್ದಾಡುತ್ತದೆ ಎಂದ. ಇದನ್ನು ಕಲಿಯುವುದಕ್ಕೆ ಅವನು ಒಂದು ಪುಸ್ತಕ ಓದಿದ್ದನಂತೆ. ಅಜ್ಜನಿಗೆ ಎತ್ತಿನ ಹೆಗಲೇ ಪುಸ್ತಕವಾಗಿತ್ತು.

1955ರ ಜನವರಿಯ ಪ್ರಯಾಣ ನನಗೆ ಚೆನ್ನಾಗಿ ನೆನಪಿದೆ. ನನಗೆ ಆಗ ಹನ್ನೊಂದು ವರ್ಷ. ನಾವಿನ್ನೂ ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಯವರು. ನನ್ನ ತಂದೆ ಬಾಗಲಕೋಟೆಯ ಒಂದು ಹತ್ತಿಯ ಅಡತಿಯಲ್ಲಿ ಗುಮಾಸ್ತರು. ಅವರಿಗೆ ರಜೆ ಸಿಗುತ್ತಿರಲಿಲ್ಲ. ಬನದ ಹುಣ್ಣಿಮೆಗೆ ಎಂಟು ದಿನ ಮೊದಲು ಅವ್ವ, ತಂಗಿ, ನಾನು ಇಳಕಲ್ಲಿಗೆ ಬರುವುದು, ಅಲ್ಲಿಂದ ಅಜ್ಜನ ಬಂಡಿಯಲ್ಲಿ ಬನಶಂಕರಿಯ ಜಾತ್ರೆಗೆ ಹೋಗುವುದು ವಾಡಿಕೆ.

ಬಾಗಲಕೋಟೆಯ ಮನೆಯಲ್ಲಿ ಅವ್ವ ಹೊಸ್ತಿಲು ದಾಟಿದ್ದನ್ನು ನಾನು ಕಂಡದ್ದು ಕಡಿಮೆ. ನೀರು, ಒಲೆ, ಬೀಸುಕಲ್ಲು, ಮತ್ತೆ ಒಲೆ. ಬೆಳ್ಳಿ ಮೂಡುವ ಹೊತ್ತಿಗೆ ಇಳಕಲ್ಲು ಬಿಟ್ಟು ಹುನಗುಂದ ದಾಟುವವರೆಗೂ ಅವಳು ಪರದೆಯ ಒಳಗೆ ಸೆರಗು ಹೊದ್ದು ಕೂತಿರುತ್ತಿದ್ದಳು. ಹುನಗುಂದದ ಮನೆಗಳು ಹಿಂದೆ ಬಿದ್ದವೆಂದರೆ, ಹಿಂದಿನ ಪರದೆಯನ್ನು ಮೇಲಕ್ಕೆ ಕಟ್ಟಿ, ಪಾಟಿನ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಹಿಂದಕ್ಕೆ ಓಡುವ ರಸ್ತೆಯನ್ನು ನೋಡುತ್ತಿದ್ದಳು. ಎರಡೂ ಕಡೆ ಬಿಳಿಜೋಳದ ಹೊಲ, ಕುಸುಬಿಯ ಹೂ. ಅವಳು ಹಾಡುತ್ತಿದ್ದುದನ್ನು ನಾನು ಕೇಳಿದ್ದು ಆ ದಾರಿಯಲ್ಲಿ ಮಾತ್ರ.

ಮೊದಲ ರಾತ್ರಿ ಅಮೀನಗಡ. ಕರದಂಟಿನ ಊರು, ಮಕ್ಕಳಿಗೆ ಒಂದೊಂದು ತುಂಡು ಕಡ್ಡಾಯ. ಊರ ಹೊರಗೆ ಒಂದು ಬೇವಿನ ಮರದ ಕೆಳಗೆ ಬಂಡಿ ಬಿಟ್ಟು, ಮೂಕಿಗೆ ಊರುಗೋಲು ಕೊಟ್ಟು ನೆಟ್ಟಗೆ ನಿಲ್ಲಿಸಿದರೆ ಮನೆ ಸಿದ್ಧವಾಯಿತು. ಅಜ್ಜಿ, ಅವ್ವ, ತಂಗಿ, ನಾನು ಒಳಗೆ. ಅಜ್ಜ ಮತ್ತು ಆಳುಮಗ ಬಂಡಿಯ ಕೆಳಗೆ ಕಂಬಳಿ ಹೊದ್ದು. ಎತ್ತುಗಳು ಗಾಲಿಗೆ ಕಟ್ಟಿಸಿಕೊಂಡು ಕಣಿಕೆ ಮೆಲ್ಲುವುವು. ರಾತ್ರಿ ಎಚ್ಚರವಾದಾಗಲೆಲ್ಲ ಗೆಜ್ಜೆಯ ಸಣ್ಣ ಸದ್ದು ಕೇಳುತ್ತಿತ್ತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಮಾದಲಿ ಮನೆಯಿಂದಲೇ ಬಂದಿದ್ದವು. ಹಾದಿಯಲ್ಲಿ ಬೇಯಿಸುತ್ತಿದ್ದುದು ಒಂದು ಪಲ್ಯ ಮಾತ್ರ. ಆ ಪಲ್ಯವನ್ನೂ ಅಜ್ಜ ಮಾಡುತ್ತಿದ್ದ. “ಹಾದ್ಯಾಗ ಹೆಣಮಕ್ಕಳಿಗೆ ಸೂಟಿ,” ಎನ್ನುವನು. ಮನೆಯಲ್ಲಿ ಒಂದು ಲೋಟ ನೀರನ್ನೂ ತಾನಾಗಿ ತೆಗೆದುಕೊಳ್ಳದ ಮನುಷ್ಯ ಅವನು!

ಎರಡನೆಯ ದಿನ ಐಹೊಳೆ. ಆಗ ಅಲ್ಲಿ ಊರೂ ಗುಡಿಗಳೂ ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಲಾಡಖಾನನೆಂಬವನು ವಾಸವಾಗಿದ್ದ ಗುಡಿ ಲಾಡಖಾನ ಗುಡಿಯಾಗಿದೆ. ಬಡಿಗೇರ ಗುಡಿಗೂ ಹೆಸರು ಬಂದದ್ದು ಅದರಲ್ಲಿ ಇದ್ದ ಬಡಿಗೇರರಿಂದ. ದೇವರ ಮನೆಗಳಲ್ಲಿ ಮನುಷ್ಯರು ಒಲೆ ಹೂಡಿದ್ದರು. ಲಾಡಖಾನ ಗುಡಿಯ ಮಾಳಿಗೆಯನ್ನು ಅಜ್ಜ ನನಗೆ ತೋರಿಸಿದ. ಇಳಿಜಾರಾಗಿ ಹಾಸಿದ ಚಪ್ಪಡಿಗಳು, ಅವುಗಳ ಸಂದು ಮುಚ್ಚುವುದಕ್ಕೆ ಉದ್ದುದ್ದ ಕಲ್ಲಿನ ಪಟ್ಟಿಗಳು, ಥೇಟು ಮರದ ತೊಲೆಗಳಂತೆ. “ಇವರು ಮೊದಲ ಬಡಿಗೇರರು, ಆಮ್ಯಾಲೆ ಕಲ್ಲುಕುಟಿಗರು,” ಎಂದ. ಮರದಲ್ಲಿ ಕಲಿತ ಕೈ ಕಲ್ಲಿನಲ್ಲಿ ಮುಂದುವರಿಯಿತೆಂದು ವಿದ್ವಾಂಸರು ಹೇಳುವುದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಅಲ್ಲಿಯ ದುರ್ಗದ ಗುಡಿ ಹಿಂದುಗಡೆ ಆನೆಯ ಬೆನ್ನಿನಂತೆ ದುಂಡಗಿದೆ. ಅದಕ್ಕೆ ಗಜಪೃಷ್ಠ ಎನ್ನುತ್ತಾರೆ. ನಮ್ಮ ಕೊಲ್ಲಾರಿಯ ಬೆನ್ನೂ ಹಾಗೇ ಇದೆಯೆಂದು ನಾನು ಹೇಳಿದ್ದಕ್ಕೆ ಅಜ್ಜ ಜಾಣ ಎಂದು ಬೆನ್ನು ಚಪ್ಪರಿಸಿದ. ಗುಡ್ಡದ ಮೇಲಿನ ಮೇಗುತಿಯಲ್ಲಿ ರವಿಕೀರ್ತಿ ಬರೆದ 634ರ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ಸಂಗತಿ ಅದರಲ್ಲಿದೆ. ನಾವು ಗುಡ್ಡ ಹತ್ತಲಿಲ್ಲ. ಎತ್ತುಗಳಿಗೆ ಬಿಸಿಲಾಗುತ್ತದೆಂದು ಅಜ್ಜ ಅವಸರ ಮಾಡಿದ.

ಮಲಪ್ರಭೆಯಲ್ಲಿ ನೀರು ತೆಳುವಾಗಿತ್ತು. ಬಂಡಿ ಹೊಳೆಗೆ ಇಳಿದಾಗ ಗಾಲಿಗಳು ಗುಳುಗುಳು ಸದ್ದು ಮಾಡಿದವು, ತಂಗಿ ಹೆದರಿ ಅತ್ತಳು. ಆ ರಾತ್ರಿ ಪಟ್ಟದಕಲ್ಲು. ಇಂದು ಅದು 1987ರಿಂದ ಜಗತ್ತಿನ ಪರಂಪರೆಯ ಪಟ್ಟಿಯಲ್ಲಿರುವ ಸ್ಥಳ, ಬೇಲಿ ಇದೆ, ಚೀಟಿ ಇದೆ. ಅಂದು ವಿರೂಪಾಕ್ಷ ಗುಡಿಯ ಸಮೀಪ ಹೊಳೆಯ ದಂಡೆಯಲ್ಲಿ ಹನ್ನೆರಡು ಬಂಡಿಗಳು ಬಿಟ್ಟಿದ್ದವು. ಗಂಡನ ಕಂಚಿಯ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ಒಬ್ಬ ಹೆಂಗಸಿನ ಹೆಸರಿನ ಗುಡಿಯ ನೆರಳಿನಲ್ಲಿ ನಮ್ಮ ಅವ್ವ ತಲೆಬಾಚಿಕೊಂಡು, ಬೇರೆ ಊರಿನ ಹೆಂಗಸರೊಡನೆ ನಡುರಾತ್ರಿಯವರೆಗೆ ಮಾತಾಡುತ್ತ ಕೂತಳು. ಅವಳನ್ನು ಮಲಗೆಂದು ಯಾರೂ ಕರೆಯಲಿಲ್ಲ.

ಮೂರನೆಯ ದಿನ ಬಾದಾಮಿ ದಾಟಿ ಮೂರು ಮೈಲಿನ ಬನಶಂಕರಿ. ಈಗಿನ ಗುಡಿ ಹದಿನೆಂಟನೆಯ ಶತಮಾನದ್ದು, ದೇವಿ ಅದಕ್ಕೂ ಬಹು ಹಿಂದಿನವಳು. ಎದುರಿಗೆ ಹರಿದ್ರಾ ತೀರ್ಥವೆಂಬ ಚಚ್ಚೌಕದ ಹೊಂಡ, ಮೂರು ಕಡೆ ಕಲ್ಲಿನ ಮಂಟಪದ ಸಾಲು.  ಶಾಕಂಭರಿಗೆ ನೂರೆಂಟು ಪಲ್ಯಗಳ ನೈವೇದ್ಯವಾಗುವ ಪಲ್ಲೇದ ಹಬ್ಬ ಮುಗಿದು ಹುಣ್ಣಿಮೆಯ ದಿನ ತೇರು ಎಳೆಯುತ್ತಾರೆ. ತೇರು ಒಂದು ದಿನ, ಜಾತ್ರೆ ಒಂದು ತಿಂಗಳು. ಹೊಲಗಳ ತುಂಬ ಬಂಡಿಗಳ ಊರೇ ಎದ್ದಿರುತ್ತಿತ್ತು. ಓಣಿಗಳು, ನೆರೆಹೊರೆ, ಜಗಳ, ಕೊಡಕೊಳ್ಳುವಿಕೆ ಎಲ್ಲವೂ ಇದ್ದ ಊರು. ರಾತ್ರಿಯಾದರೆ ನಾಟಕ ಕಂಪನಿಗಳ ತಂಬುಗಳಿಂದ ಪೆಟಿಗೆಯ ಸ್ವರ. ಅವರೂ ಗುಡಾರದಲ್ಲಿ ಸಂಸಾರ ಹೂಡಿದವರೇ. ಬೆಳಗಿನ ಜಾವಕ್ಕೆ ಮಂಗಳವಾದ ಮೇಲೆ ಸಾವಿರ ಬಂಡಿಗಳ ನಡುವೆ ನಮ್ಮದನ್ನು ಹುಡುಕುವುದೇ ಒಂದು ಸಾಹಸ. ಅವ್ವ ಕೊಲ್ಲಾರಿಯ ತುದಿಗೆ ಹಳೆಯ ಇಳಕಲ್ಲು ಸೀರೆಯ ಕೆಂಪು ಸೆರಗಿನ ಚೂರೊಂದನ್ನು ಕಟ್ಟಿದ್ದಳು. ಅದೇ ನಮ್ಮ ಮನೆಯ ಗುರುತು.

ಬನಶಂಕರಿಯ ಜಾತ್ರೆ ಬಾಗಿಲ ಚೌಕಟ್ಟುಗಳ ವ್ಯಾಪಾರಕ್ಕೂ ಹೆಸರಾದದ್ದು. ಬಡಿಗೇರರು ವರ್ಷವಿಡೀ ಕೆತ್ತಿದ ಚೌಕಟ್ಟುಗಳನ್ನು ತಂದು ಸಾಲಾಗಿ ನಿಲ್ಲಿಸುತ್ತಾರೆ. ಗೋಡೆಯಿಲ್ಲದೆ, ಮನೆಯಿಲ್ಲದೆ, ಬಯಲಿನಲ್ಲಿ ಬರಿಯ ಬಾಗಿಲುಗಳು! ಗಾಲಿಯ ಮನೆಯಲ್ಲಿ ಬಂದ ಜನ ನಿಂತ ಮನೆಗೆ ಬಾಗಿಲು ಕೊಂಡು ಹೋಗುತ್ತಾರೆ. ಆ ವರ್ಷ ಅಜ್ಜ ನಮ್ಮ ಬಾಗಲಕೋಟೆಯ ಮನೆಗೆಂದು ಒಂದು ತೇಗದ ಚೌಕಟ್ಟು ಕೊಂಡ. ಮೇಲೆ ಗಿಳಿಗಳ ಸಾಲು, ಎರಡೂ ಕಡೆ ಬಳ್ಳಿ. ಬಂಡಿ ನೇರ ಬಾಗಲಕೋಟೆಗೆ ಹೊರಟಿತು. ಚೌಕಟ್ಟನ್ನು ಬಿಚ್ಚಿ ಪಾಟಿನ ಮೇಲೆ ಮಲಗಿಸಿ ಅದರ ಮೇಲೆ ಹುಲ್ಲು ಕೌದಿ ಹಾಸಿದ್ದರು. ಎಷ್ಟು ಹುಲ್ಲಿದ್ದರೂ ಗಿಳಿಯ ಕೊಕ್ಕುಗಳು ರಾತ್ರಿಯೆಲ್ಲ ನನ್ನ ಬೆನ್ನಿಗೆ ಚುಚ್ಚಿದವು.

ಇನ್ನು ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬಸ್ಸುಗಳು ಬಂದವು. 1972ರಲ್ಲಿ ಮತ್ತೆ ಬರ ಬಿತ್ತು. ಅಜ್ಜ ಆಗಲೇ ತೀರಿಕೊಂಡಿದ್ದ. ಮೇವಿಲ್ಲದೆ ಸೋದರಮಾವ ಎತ್ತುಗಳನ್ನು ಮಾರಿದ. ಎತ್ತು ಹೋದ ಮೇಲೆ ಬಂಡಿಯನ್ನೂ ಮಾರಿದ. ನೂರು ವರ್ಷದ ಹಿಂದಿನ ಮಾತೇ ಮತ್ತೆ ನಿಜವಾಯಿತು. ಕೊಂಡವನಿಗೆ ಗಾಲಿ, ಅಚ್ಚು ಬೇಕಾಗಿದ್ದವು, ಕೊಲ್ಲಾರಿ ಬೇಡವಾಗಿತ್ತು. ಅವ್ವ ಅದನ್ನು ಬಾಗಲಕೋಟೆಗೆ ತರಿಸಿ ಅಟ್ಟದ ಮೇಲೆ ಇಡಿಸಿದಳು.

ಅದಕ್ಕೂ ಮೊದಲು, 1964ರ ಮೇ 22ರಂದು, ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲು ಇಟ್ಟಿದ್ದರು. ಹಿನ್ನೀರು ಘಟಪ್ರಭೆಯಲ್ಲಿ ಮೇಲೇರಿ ಒಂದು ದಿನ ಬಾಗಲಕೋಟೆಯ ಓಣಿಗಳಿಗೆ ಬರುವುದೆಂದು ಎಲ್ಲರಿಗೂ ಗೊತ್ತಿತ್ತು, ಯಾರಿಗೂ ನಂಬಿಕೆಯಿರಲಿಲ್ಲ. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ನಂಬಬೇಕಾಯಿತು. ಮುಳುಗಡೆಯ ಓಣಿಗಳ ಜನ ತಮ್ಮ ಮನೆಗಳನ್ನು ತಾವೇ ಕೆಡವಿ, ತೊಲೆ, ಕಂಬ, ಬಾಗಿಲು, ಕಿಟಕಿಗಳನ್ನು ಟ್ರ್ಯಾಕ್ಟರುಗಳಲ್ಲಿ ಹೇರಿಕೊಂಡು ನವನಗರಕ್ಕೆ ಹೋದೆವು. ಓಣಿಗಳ ಹೆಸರು ಹೋಗಿ ಸೆಕ್ಟರುಗಳ ಅಂಕೆ ಬಂತು. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿಯೂ ಇಂದು ಐಕ್ಯಮಂಟಪ ಹಿನ್ನೀರಿನ ನಡುವೆ ಕಟ್ಟಿದ ಬಾವಿಯಂಥ ಗೋಡೆಯೊಳಗಿದೆ. ಸ್ಥಾವರ ಯಾವುದು, ಜಂಗಮ ಯಾವುದು ಎಂದು ನಮ್ಮ ಸೀಮೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಣೆಕಟ್ಟಿನಿಂದ ಹೊಲಗಳಿಗೆ ನೀರು ಬಂತು, ದೀಪಕ್ಕೆ ವಿದ್ಯುತ್ತು ಬಂತು. ಅದನ್ನು ಅಲ್ಲಗಳೆಯುವವನು ನಾನಲ್ಲ. ನನ್ನ ತಂದೆ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ ಕಟ್ಟಿದ ಮನೆಯ ಮೇಲೆ ಮೀನುಗಳು ಓಡಾಡುತ್ತವೆಂಬುದೂ ನಿಜ.

ಮನೆ ಬಿಡುವ ದಿನ ಅಟ್ಟದಿಂದ ಕೊಲ್ಲಾರಿಯನ್ನು ಇಳಿಸಿದೆವು. ಬಿದಿರು ಹುಳು ತಿಂದು ಟೊಳ್ಳಾಗಿತ್ತು, ಮುಟ್ಟಿದಲ್ಲಿ ಹಿಟ್ಟಾಯಿತು. ಎತ್ತಿನ ಕೊರಳ ಗೆಜ್ಜೆಸರ ಒಂದು ಉಳಿದಿತ್ತು. ಗಿಳಿಯ ಚೌಕಟ್ಟನ್ನು ಮಾತ್ರ ಹೊಸ ಮನೆಗೆ ಒಯ್ದೆ. ಕಟ್ಟಡದ ಎಂಜಿನಿಯರು ಅದು ಗಿಡ್ಡವಾಯಿತೆಂದ. ತಲೆ ಬಾಗಿಸಿ ನಡೆಯುತ್ತೇವೆಂದು ಹೇಳಿ ಅದನ್ನೇ ಕೂರಿಸಿದೆ.

ಆ ವರ್ಷವೇ ಅವ್ವ ಒಂದು ಮಾತು ಕೇಳಿದಳು. ಎಂಬತ್ತು ದಾಟಿದವಳು. “ಒಮ್ಮೆ ಬಂಡಿ ಕಟ್ಟಿಸಿ ಜಾತ್ರಿಗೆ ಕರಕೊಂಡು ಹೋಗೋ ತಮ್ಮಾ,” ಎಂದಳು. ಬಂಡಿ ಹುಡುಕಿದ್ದರೆ ಸಿಗುತ್ತಿತ್ತು. ನನಗೆ ಹುಡುಕುವ ಪುರಸತ್ತು ಇರಲಿಲ್ಲ. ಅವಳ ಬೆನ್ನಿಗೆ ಕುಲುಕಾಟ ಆಗದು ಎಂದು ನನಗೆ ನಾನೇ ಕಾರಣ ಹೇಳಿಕೊಂಡು ಬಾಡಿಗೆಯ ಕಾರಿನಲ್ಲಿ ಕರೆದೊಯ್ದೆ. ಒಂದು ಗಂಟೆಯಲ್ಲಿ ಮುಟ್ಟಿದೆವು, ದರ್ಶನವಾಯಿತು, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದೆವು. ಸಂಜೆ ಅವಳು ಕಟ್ಟೆಯ ಮೇಲೆ ಕೂತು, “ಹೋಗಿದ್ದು ಬಂದಿದ್ದು ಒಂದಾ ಆತಲ್ಲೋ. ನಡುವ ಏನೂ ಆಗಲಿಲ್ಲ,” ಎಂದಳು. ಬೈದು ಹೇಳಿದ ಮಾತಲ್ಲ. ಮರುವರ್ಷದ ಬನದ ಹುಣ್ಣಿಮೆಗೆ ಅವಳಿರಲಿಲ್ಲ.

ಮೊಮ್ಮಗನಿಗೆ ಇದೆಲ್ಲವನ್ನೂ ಹೇಳಿದೆ. ಅವನ ಊರಿನ ಪಕ್ಕದಲ್ಲೇ ಒಳ್ಳೆಯ ಹೋಟೆಲುಗಳಿರುವಾಗ ಈ ಪೆಟ್ಟಿಗೆಯಲ್ಲಿ ಮೈ ಮುದುಡಿ ಮಲಗುವ ಕರ್ಮ ಏಕೆಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, “ಹೋಟೆಲಿನ್ಯಾಗ ಮುಟ್ಟಿದ ಮ್ಯಾಲೆ ಮಲಗತೀವಿ ಅಜ್ಜಾ. ಇದರಾಗ ಹಾದ್ಯಾಗ ಮಲಗತೀವಿ,” ಎಂದ. ಅವನು ತನ್ನ ಮುತ್ತಜ್ಜಿಯನ್ನು ಕಂಡವನಲ್ಲ.

ಕೊಲ್ಲಾರಿ ಬಂಡಿಯ ಕಾಲ ಮುಗಿಯಿತೆಂದು ಹೇಳಿ ಈ ಲೇಖನವನ್ನು ಮುಗಿಸುವುದು ಸುಲಭ. ಆದರೆ ಈಚಿನ ಜಾತ್ರೆಯಲ್ಲಿ ನಾನು ಕಂಡದ್ದು ಬೇರೆ. ಎತ್ತಿನ ಬಂಡಿಗಳು ಈಗಲೂ ಬರುತ್ತವೆ, ಬೆರಳೆಣಿಕೆಯಷ್ಟು. ಹೆಚ್ಚಿನವು ಟ್ರ್ಯಾಕ್ಟರುಗಳು. ಅವುಗಳ ಹಿಂದಿನ ಟ್ರೇಲರಿಗೆ ಕಬ್ಬಿಣದ ಸಳಿಗಳನ್ನು ಕಮಾನಿನಂತೆ ಬಗ್ಗಿಸಿ ಕಟ್ಟಿ, ಮೇಲೆ ತಾಡಪತ್ರಿ ಹೊದಿಸಿ, ಒಳಗೆ ಹುಲ್ಲು ಕೌದಿ ಹಾಸಿರುತ್ತಾರೆ. ಕೆಳಗೆ ಒಲೆ. ಯಾರೂ ಅದಕ್ಕೆ ನಕ್ಷೆ ಬರೆದುಕೊಟ್ಟಿಲ್ಲ, ಯಾವ ಪತ್ರಿಕೆಯೂ ಅಚ್ಚುಹಾಕಿಲ್ಲ. ಬನಶಂಕರಿಯಿಂದ ಮರಳುವಾಗ ಅಂಥದೊಂದು ನಮ್ಮ ಕಾರಿನ ಮುಂದೆ ಮೆಲ್ಲಗೆ ಹೋಗುತ್ತಿತ್ತು. ಡ್ರೈವರು ಹಾರ್ನ್ ಹೊಡೆಯಲು ಕೈ ಇಟ್ಟ. ಟ್ರೇಲರಿನ ಹಿಂದಿನ ಅಂಚಿನಲ್ಲಿ ಒಬ್ಬ ಹೆಣ್ಣುಮಗಳು ಕಾಲು ಇಳಿಬಿಟ್ಟು ಕೂತು ರಸ್ತೆಯನ್ನು ನೋಡುತ್ತಿದ್ದಳು. ಹಾರ್ನ್ ಹೊಡೆಯಬೇಡವೆಂದು ಹೇಳಿದೆ. ಬಾದಾಮಿಯವರೆಗೂ ಅವರ ಹಿಂದೆಯೇ ಬಂದೆವು.